ದಾರಿಯ ಮೇಲಿನ ದಾಸೋಹ



ಮೋಟಾರು ಸೈಕಲ್ಲು ಹತ್ತುವವರೆಲ್ಲರಿಗೂ ಗೊತ್ತಿರುವ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಗಡಿಬಿಡಿಯಲ್ಲಿ ಪಕ್ಕದ ಸ್ಟ್ಯಾಂಡು ಮೇಲೆತ್ತುವುದನ್ನು ಮರೆತು ಹೊರಟಿರುತ್ತೇವೆ. ಊರ ಅಗಸಿ ದಾಟುವುದರೊಳಗಾಗಿ ಎದುರಿನಿಂದ ಬರುವ ಯಾರೋ ಒಬ್ಬ "ಸ್ಟ್ಯಾಂಡ್! ಸ್ಟ್ಯಾಂಡ್!" ಎಂದು ಕೂಗಿ, ನಮ್ಮ ಎಡಗಾಲಿನ ಕಡೆ ಕೈ ತೋರಿಸಿ, ನಾವು ತಿರುಗಿ ನೋಡುವಷ್ಟರಲ್ಲಿ ಹೋಗಿಬಿಟ್ಟಿರುತ್ತಾನೆ. ಆತ ಕೂಗದಿದ್ದರೆ ಮುಂದಿನ ಎಡ ತಿರುವಿನಲ್ಲಿ ಗಾಡಿ ವಾಲಿದಾಗ ಆ ಸ್ಟ್ಯಾಂಡು ಡಾಂಬರಿಗೆ ಬಡಿದು, ಹಿಂದಿನ ಗಾಲಿ ಎದ್ದು, ನಾವು ನೆಲಕ್ಕೆ ಬೀಳುತ್ತಿದ್ದೆವು. ಕೂಗಿದವನ ಮುಖ ನಾವು ಕಂಡಿಲ್ಲ. ನಮ್ಮ ಹೆಸರು ಅವನು ಕೇಳಿಲ್ಲ.

ಅಕ್ಕಲಕೋಟೆಯ ಕಡೆ ಹಾಗೆ ಕೂಗುವವನು ಮರಾಠಿಯವನಿರಬಹುದು, ಆದೋನಿಯ ಕಡೆ ತೆಲುಗಿನವನು, ತಾಳವಾಡಿಯಲ್ಲಿ ತಮಿಳಿನವನು, ಕಾಸರಗೋಡಿನಲ್ಲಿ ಮಲಯಾಳದವನು. ಎಲ್ಲರೂ ಕೂಗುವುದು ಅದೊಂದೇ ಶಬ್ದ. ಬಸ್ಸಿನ ಬೋರ್ಡು ಯಾವ ಭಾಷೆಯಲ್ಲಿರಬೇಕು, ಶಾಲೆಗೆ ಯಾವ ಭಾಷೆಯ ಮಾಸ್ತರರು ಬರಬೇಕು ಎಂದು ವರ್ಷವರ್ಷವೂ ಅರ್ಜಿ ಬರೆಯುತ್ತ ಬಂದಿರುವ ಗಡಿನಾಡಿನ ನಮಗೆ, ತರ್ಜುಮೆ ಬೇಡದ ಒಂದು ಮಾತಾದರೂ ರಸ್ತೆಯ ಮೇಲೆ ಉಂಟಲ್ಲ ಎಂಬುದು ಸಣ್ಣ ಸಮಾಧಾನವಲ್ಲ. ಹಿಂದೆ ಕೂತ ತಾಯಂದಿರ ಸೆರಗು ಗಾಲಿಯ ಹತ್ತಿರ ಜೋತಾಡುತ್ತಿದ್ದರೂ ಅಷ್ಟೇ. ಅಪರಿಚಿತರು ತಮ್ಮ ಕೆಲಸ ಬಿಟ್ಟು ಹಿಂದೆ ಗಾಡಿ ಓಡಿಸಿಕೊಂಡು ಬಂದು ಹೇಳಿ ಹೋಗುತ್ತಾರೆ. ಹಗಲಿನಲ್ಲಿ ದೀಪ ಉರಿಯುತ್ತಿದ್ದರೆ ಐದು ಬೆರಳು ಬಿಚ್ಚಿ ಮುಚ್ಚಿ ಸನ್ನೆ ಮಾಡುವ ಪದ್ಧತಿಯೂ ಇತ್ತು. 2017ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಲ್ಲಿ ಹಗಲೂ ದೀಪ ತಾನಾಗಿ ಉರಿಯಬೇಕೆಂದು ಕಾಯ್ದೆಯೇ ಆಯಿತು, ಆರಿಸಲು ಗುಂಡಿಯೇ ಇಲ್ಲ. ಆದರೂ ಕೆಲವು ಹಿರಿಯರು ಇಂದಿಗೂ ಬೆರಳು ಬಿಚ್ಚಿ ಮುಚ್ಚಿ ತೋರಿಸುತ್ತಾರೆ. ಅವರನ್ನು ಕಂಡು ನಮ್ಮ ಹುಡುಗರು ನಗುತ್ತಾರೆ. ನಗುವಂಥದ್ದೇನೂ ಇಲ್ಲ. ಕಾಯ್ದೆ ಬದಲಾದದ್ದು ಅವರಿಗೆ ತಿಳಿಯದೆ ಇರಬಹುದು. ಎದುರಿನವನ ಬ್ಯಾಟರಿ ಇಳಿದೀತೆಂಬ ಕಾಳಜಿ ಮಾತ್ರ ಇನ್ನೂ ಉಳಿದಿದೆ.

ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ದಯೆಯ ಮೇಲೆ ನಾಲ್ಕು ಮಾತು ಆಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದಾಗ ನಾನು ಹೇಳಿದ್ದು ಈ ರಸ್ತೆಯ ದಯೆಯ ವಿಷಯವನ್ನೇ. ಶಾಸ್ತ್ರ ಓದಿದವನು ನಾನಲ್ಲ. ಬಿ.ಕಾಂ. ಮುಗಿಸಿ ಮಠದ ಲೆಕ್ಕಪತ್ರ ನೋಡಿಕೊಂಡಿರುವವನು. ದಯೆಯ ತತ್ತ್ವವನ್ನು ಪೂಜ್ಯರೇ ಅನೇಕ ಸಲ ಬಿಡಿಸಿ ಹೇಳಿದ್ದಾರೆ. ಅದು ನಿತ್ಯದ ರಸ್ತೆಯ ಮೇಲೆ ಎಲ್ಲಿ ಸಿಗುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದಷ್ಟೇ ನನ್ನ ಪಾಲಿನ ಮಾತು. ಗೋಷ್ಠಿಗೆ ಬರಲಾಗದ ದೂರದ ಭಕ್ತರಿಗಾಗಿ ಅದನ್ನು ಕೊಂಚ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ದಾರಿಹೋಕನ ಚಿಂತೆ ನಮ್ಮ ಹಿರಿಯರಿಗೆ ಹೊಸದಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು, ದಾರಿ ಬದಿಗೆ ಬೇವು ಆಲ ನೆಡುವುದು, ದನಕ್ಕೆ ನೀರಿನ ದೋಣಿ ಕಟ್ಟಿಸುವುದು ಇವೆಲ್ಲ ಇದ್ದವು. ದಕ್ಷಿಣದ ಸೀಮೆಗಳಲ್ಲಿ ಹೊರೆಗಲ್ಲುಗಳನ್ನು ನಿಲ್ಲಿಸುತ್ತಿದ್ದರು. ಎರಡು ಕಂಬ, ಮೇಲೊಂದು ಅಡ್ಡಗಲ್ಲು, ಆಳೆತ್ತರ. ತಲೆಹೊರೆಯವನು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಎತ್ತಿಕೊಂಡು ಹೋಗಬಹುದಿತ್ತು. ಕೇರಳದವರು ಅದನ್ನು ಅತ್ತಾಣಿ ಎನ್ನುತ್ತಾರೆ. ವಯನಾಡು ಕಾಸರಗೋಡಿನ ನಮ್ಮ ಭಕ್ತರು ಕಂಡಿರಬಹುದು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ್ದು ಇಂತಿಂಥವರೇ ಕುಡಿಯಲಿ ಎಂದಲ್ಲ. ಸಂಕ್ರಾಂತಿಯ ಗಡ್ಡದ ಜಾತ್ರೆಗೆ ಸೊಲ್ಲಾಪುರಕ್ಕೆ ಹೋದವರೆಲ್ಲ ಆ ಕೆರೆಯ ದಂಡೆಯಲ್ಲಿ ನಿಂತಿದ್ದಾರೆ. ಅಲ್ಲಿ ಯಾರ ಕುಲವನ್ನೂ ಕೇಳಿ ನೀರು ಕೊಡುವ ಏರ್ಪಾಡಿಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ದಾನದಲ್ಲಿ ಕೊಟ್ಟವನಿಗೊಂದು ಹೆಸರು, ತೆಗೆದುಕೊಂಡವನಿಗೊಂದು ಹೆಸರು. ಮಠದ ಗೋಡೆಯ ಮೇಲೆ ಅಮೃತಶಿಲೆಯಲ್ಲಿ ಆ ಹೆಸರು ಕೆತ್ತಿಸುವುದೂ ಉಂಟು, ಕೆತ್ತಿಸುವ ಕೆಲಸ ನನ್ನದೇ ಆದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾಸೋಹದಲ್ಲಿ ಪಂಕ್ತಿಗೆ ಕೂತವನು ಯಾರು ಎಂದು ಬಡಿಸುವವನು ಕೇಳುವುದಿಲ್ಲ. ಸ್ಟ್ಯಾಂಡು ಮೇಲೆತ್ತು ಎಂದು ಕೂಗಿ ಹೋದವನು ಮಾಡಿದ್ದು ದಾನವಲ್ಲ, ದಾಸೋಹ.

ಇನ್ನು ಈ ವಾಹನದ ವಿಷಯ. ನಮ್ಮ ಭಾಗದಲ್ಲಿ ಮೋಟಾರು ಸೈಕಲ್ಲು ಶೋಕಿಗೆ ಇರುವುದಲ್ಲ. ನಾಲ್ಕು ಹಾಲಿನ ಕ್ಯಾನು, ಹಿಂಡಿಯ ಚೀಲ, ಔಷಧಿ ಹೊಡೆಯುವ ಪಂಪು, ದಾಳಿಂಬೆಯ ಕ್ರೇಟು, ಬಸುರಿ ಮಗಳು, ಆಸ್ಪತ್ರೆಗೆ ಹೊರಟ ಅಜ್ಜ, ಎಲ್ಲವೂ ಅದರ ಮೇಲೆಯೇ. ಹೊಸೂರಿನ ಕಾರ್ಖಾನೆಯ ಟಿವಿಎಸ್ ಮೊಪೆಡ್ಡಿನ ಮೇಲೆ ಹಸಿ ಮೇವು ಹೇರಿದರೆ, ದೂರದಿಂದ ನೋಡುವವರಿಗೆ ಮೇವಿನ ಬಣವೆಯೇ ನಡೆದು ಬಂದಂತೆ ಕಾಣುತ್ತದೆ. ಆದರೆ ಎರಡು ಗಾಲಿಯ ಗಾಡಿ ತನ್ನಷ್ಟಕ್ಕೆ ತಾನು ನಿಲ್ಲಲಾರದು. ಒಂದೋ ಓಡುತ್ತಿರಬೇಕು, ಇಲ್ಲವೇ ಏನಾದರೂ ಆಸರೆ ಬೇಕು. ಅದರ ಮೇಲೆ ಕೂತವನ ಸುತ್ತ ತಗಡಿಲ್ಲ, ಗಾಜಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ದಿನಕ್ಕೆ ಭಾಗಿಸಿದರೆ 205 ಮನೆ. ತಲೆಗೆ ಹೆಲ್ಮೆಟ್ ಇಲ್ಲದೆ ಸತ್ತವರೇ ಆ ವರ್ಷ 50,029. ಮಠಕ್ಕೆ ಬರುವಾಗ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಬರುವ ಬಂಧುಗಳು ಈ ಅಂಕಿಯನ್ನು ಇನ್ನೊಮ್ಮೆ ಓದಬೇಕು. ಕನ್ನಡಿಗೆ ತಲೆ ಇಲ್ಲ.

ಇಂಥ ಆಸರೆಯಿಲ್ಲದವರು ಒಬ್ಬರಿಗೊಬ್ಬರು ಆಗುವುದು ಸಹಜವೇ. ದಾರಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತವನನ್ನು ಕಂಡರೆ "ಏನಾತ್ರೀ?" ಎಂದು ಕೇಳುವವರು ಇಂದಿಗೂ ಇದ್ದಾರೆ. ಚೈನು ಬಿಚ್ಚಿದ್ದರೆ ಪಾನಾ ಕೊಡುತ್ತಾರೆ. ಕ್ಲಚ್ಚಿನ ತಂತಿ ಹರಿದಿದ್ದರೆ ಪಕ್ಕದ ಊರಿನ ಮೇಸ್ತ್ರಿಯನ್ನು ಹಿಂದೆ ಕೂಡಿಸಿಕೊಂಡು ಬರುತ್ತಾರೆ. ಪೆಟ್ರೋಲು ತೀರಿದ್ದರೆ ಮೊದಲು ತಮ್ಮ ಗಾಡಿಯ ನಳಿಕೆ ಕಿತ್ತು ಬಾಟಲಿಗೆ ಇಳಿಸಿ ಕೊಡುತ್ತಿದ್ದರು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಬಹುತೇಕ ಇಂಜೆಕ್ಷನ್ ಪದ್ಧತಿ, ಆ ನಳಿಕೆ ಕೈಗೆ ಸಿಗುವುದಿಲ್ಲ. ಹೀಗಾಗಿ ಈಗ ಕಾಲು ಕೊಟ್ಟು ತಳ್ಳುತ್ತಾರೆ: ಹಿಂದಿನ ಗಾಡಿಯವನು ಮುಂದಿನ ಗಾಡಿಯ ಪುಟ್‌ರೆಸ್ಟಿಗೆ ಪಾದ ಒತ್ತಿ ಬಂಕಿನವರೆಗೆ ದೂಡುವುದು. ಊರೊಳಗೆ ನಿಧಾನವಾಗಿ ಮಾಡಿದರೆ ಹೇಗೋ ನಡೆದೀತು, ಹೆದ್ದಾರಿಯ ಮೇಲೆ ದಯವಿಟ್ಟು ಬೇಡ. ದಯೆ ಮಾಡಲು ಹೋಗಿ ಇಬ್ಬರೂ ಲಾರಿಯ ಕೆಳಗೆ ಹೋಗುವ ಕೆಲಸ ಅದು.

ಒಂದು ಮಾತು ಮಾತ್ರ ಕಟುವಾದರೂ ಹೇಳಬೇಕು. ಪೇಟೆಗಳಲ್ಲಿ ಈಗ ದೊಡ್ಡ ಗಾಡಿಯವರ ಕೂಟಗಳಿವೆ. ರವಿವಾರ ಸಾಲಾಗಿ ಹೊರಡುತ್ತಾರೆ, ತಮ್ಮವರಲ್ಲಿ ಯಾರದಾದರೂ ಗಾಡಿ ಕೆಟ್ಟರೆ ಎಲ್ಲರೂ ನಿಲ್ಲುತ್ತಾರೆ. ಬಹಳ ಒಳ್ಳೆಯದು. ಆದರೆ ಅವರಲ್ಲಿ ಕೆಲವರು ಎದುರಿಗೆ ತಮ್ಮದೇ ಕಂಪನಿಯ ಗಾಡಿ ಬಂದರೆ ಮಾತ್ರ ಕೈ ಎತ್ತುತ್ತಾರೆ, ಹಾಲಿನವನ ಮೊಪೆಡ್ಡಿಗೆ ಎತ್ತುವುದಿಲ್ಲ. ಹುಟ್ಟಿನಿಂದ ಬಂದ ಜಾತಿ ಸಾಲದೆಂದು ಷೋರೂಮಿನಿಂದಲೂ ಒಂದು ಜಾತಿ ಕೊಂಡು ತಂದರೆ ಹೇಗೆ? ನಮ್ಮವರೂ ಇದಕ್ಕೆ ಹೊರತಲ್ಲ. ನಿಂತ ಗಾಡಿಯ ನಂಬರು ಕೆಎ ಇದೆಯೋ ಎಂಎಚ್ ಇದೆಯೋ, ಮುಂದಿನ ಪಟ್ಟಿಯ ಮೇಲೆ ಯಾವ ದೇವರ ಹೆಸರಿದೆ ಎಂದು ಓದಿ ಆಮೇಲೆ ಬ್ರೇಕು ಹಿಡಿಯುವವರನ್ನು ನಾನು ಕಂಡಿದ್ದೇನೆ.

ಈಗ ಗೋಷ್ಠಿಯಲ್ಲಿ ಎಲ್ಲರನ್ನೂ ಸುಮ್ಮನಾಗಿಸಿದ ಪ್ರಸಂಗಕ್ಕೆ ಬರುತ್ತೇನೆ. ಜತ್ತ ತಾಲೂಕಿನಲ್ಲಿ ನಮ್ಮ ಭಕ್ತ ಮನೆತನದ ಒಬ್ಬ ತರುಣ ಸಂಜೆಯ ಹಾಲು ಡೈರಿಗೆ ಹಾಕಿ ಖಾಲಿ ಕ್ಯಾನುಗಳೊಂದಿಗೆ ತೋಟದ ಮನೆಗೆ ತಿರುಗಿ ಹೊರಟಿದ್ದ. ಕತ್ತಲಾಗಿತ್ತು. ರಸ್ತೆಯ ಮೇಲೆ ತಲೆ ಗಾತ್ರದ ಕಲ್ಲುಗಳು. ಮುಂದಿನ ಗಾಲಿ ಅದಕ್ಕೆ ಬಡಿದು ಬಿದ್ದ, ತೊಡೆಯ ಎಲುಬು ಮುರಿಯಿತು. ಕ್ಯಾನುಗಳು ಉರುಳಿದ ಸಪ್ಪಳಕ್ಕೆ ದೂರದ ವಸ್ತಿಯ ನಾಯಿ ಬೊಗಳಿದವಂತೆ, ಅದು ತನಗೆ ಕೇಳುತ್ತಿತ್ತು ಎಂದು ಅವನೇ ಹೇಳಿದ. ಎರಡು ಕಾರು ಹೋದವು. ಒಂದು ಜೀಪು ನಿಧಾನ ಮಾಡಿ, ದೀಪ ಹಾಕಿ ನೋಡಿ, ಹೋಯಿತು. ನಾಲ್ಕೈದು ಮೋಟಾರು ಸೈಕಲ್ಲುಗಳೂ ಹೋದವು. ಆಮೇಲೆ ಒಂದೇ ಗಾಡಿಯ ಮೇಲೆ ಇಬ್ಬರು ಹುಡುಗರು ಬಂದು ನಿಂತರು. ಮರಾಠಿ ಮಾತಾಡುವವರು, ಎಲ್ಲಿಯೋ ಕೆಲಸ ಮುಗಿಸಿ ಊರಿಗೆ ಹೊರಟವರು. ಒಬ್ಬ ಇವನ ತಲೆ ಅಲುಗಾಡದಂತೆ ಎರಡೂ ಕೈಯಿಂದ ಹಿಡಿದು ಕೂತ. ಇನ್ನೊಬ್ಬ 108ಕ್ಕೆ ಫೋನು ಮಾಡಿ, ಐವತ್ತು ಹೆಜ್ಜೆ ಹಿಂದಕ್ಕೆ ಓಡಿ, ಮೊಬೈಲಿನ ಬೆಳಕು ಬೀಸುತ್ತ ಬರುವ ಗಾಡಿಗಳನ್ನು ಬದಿಗೆ ಕಳಿಸುತ್ತ ನಿಂತ. ಆಂಬುಲೆನ್ಸ್ ಬಂದು ಇವನನ್ನು ಒಳಗೆ ಹಾಕಿದ ಮೇಲೆ ತಮ್ಮ ಗಾಡಿ ಏರಿ ಹೊರಟುಹೋದರು. ಮನೆಯವರು ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದು ಹುಡುಕಿದರು. ಆ ಇಬ್ಬರು ಇಂದಿಗೂ ಸಿಕ್ಕಿಲ್ಲ.

ಹಾದುಹೋದವರೆಲ್ಲ ಕೆಟ್ಟವರು ಎಂದು ನಾನು ಹೇಳಲಾರೆ. ಅವರನ್ನು ಓಡಿಸಿದ್ದು ಭಯ. "ನೀನೇ ಹಾಯಿಸಿದ್ದಿ ಅಂತಾರ," "ಪೊಲೀಸ್ ಸ್ಟೇಶನ್ನಿಗೆ ತಿರಗಸ್ತಾರ," "ಕೋರ್ಟಿನ್ಯಾಗ ಸಾಕ್ಷಿ ಹೇಳಾಕ ಹಚ್ಚತಾರ," "ದವಾಖಾನಿಯವರು ರೊಕ್ಕ ಕಟ್ಟು ಅಂತಾರ" ಎಂದು ಹಿರಿಯರು ಮಕ್ಕಳಿಗೆ ಹೇಳಿಕೊಟ್ಟ ಪಾಠವದು. ಗಡಿಯವರಿಗೆ ಇನ್ನೊಂದು ಚಿಂತೆ ಹೆಚ್ಚಿಗೆ: ಆ ಬದಿಯ ಪೊಲೀಸರಿಗೆ ನಮ್ಮ ಮಾತು ತಿಳಿಯುವುದಿಲ್ಲ. ಒಂದು ಕಾಲಕ್ಕೆ ಈ ಭಯಕ್ಕೆ ಆಧಾರವಿತ್ತು. ಇಂದು ಆ ಆಧಾರವನ್ನು ಕಾಯ್ದೆ ತೆಗೆದುಹಾಕಿದೆ. ಇದನ್ನು ವ್ಯಾಪಾರಸ್ಥ ಬಂಧುಗಳು ಅಂಗಡಿಗೆ ಬಂದವರಿಗೂ ಹೇಳಬೇಕು, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಗಾಯಾಳು ಬಂದರೆ ಪೊಲೀಸರ ಕಾಗದಕ್ಕೆ ಕಾಯದೆ ವೈದ್ಯರು ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿತ್ತು. ನೆರವಿಗೆ ನಿಂತವರ ರಕ್ಷಣೆಯ ನಿಯಮಗಳಿಗೆ ಅದೇ ನ್ಯಾಯಾಲಯ 2016ರ ಮಾರ್ಚ್ 30ರಂದು ಕಾಯ್ದೆಯ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಯಲ್ಲಿ 134ಎ ಎಂಬ ಹೊಸ ಕಲಮು ಸೇರಿತು, 2020ರ ಸೆಪ್ಟೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಇದರ ಸಾರ ಇಷ್ಟು: ಒಳ್ಳೆಯ ಮನಸ್ಸಿನಿಂದ ಎತ್ತಲು ಹೋಗಿ ಏನಾದರೂ ಹೆಚ್ಚು ಕಡಿಮೆಯಾದರೂ ನೆರವಾದವನ ಮೇಲೆ ದಿವಾಣಿ ಅಥವಾ ಫೌಜದಾರಿ ದಾವೆ ನಿಲ್ಲುವುದಿಲ್ಲ. ಹೆಸರು ವಿಳಾಸ ಹೇಳೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಆಸ್ಪತ್ರೆಯವರು ಅವನನ್ನು ಹಿಡಿದು ಕೂಡಿಸುವಂತಿಲ್ಲ, ಭರ್ತಿಯ ಹಣ ಕೇಳುವಂತಿಲ್ಲ. ಸಾಕ್ಷಿ ಹೇಳುವುದು ಬಿಡುವುದು ಅವನ ಇಚ್ಛೆ, ಹೇಳುವೆನೆಂದರೆ ಅವನಿಗೆ ಅನುಕೂಲವಾದ ಜಾಗಕ್ಕೆ ಬಂದು ಬರೆದುಕೊಳ್ಳಬೇಕು. ನೆರವಾದವನ ಭಾಷೆ ತನಿಖೆ ಮಾಡುವ ಅಧಿಕಾರಿಯ ಭಾಷೆಗಿಂತ ಬೇರೆಯಾಗಿದ್ದರೆ ಅಧಿಕಾರಿಯೇ ದುಭಾಷಿಯನ್ನು ಒದಗಿಸಬೇಕೆಂಬುದೂ ಆ 2016ರ ಕ್ರಮದಲ್ಲಿ ಸೇರಿದೆ. ದೆಹಲಿಯಲ್ಲಿ ಕೂತು ಬರೆದವರಿಗೆ ಜತ್ತ ಅಕ್ಕಲಕೋಟೆ ನೆನಪಿತ್ತೋ ಇಲ್ಲವೋ, ನಮಗೆ ಬೇಕಾದುದನ್ನೇ ಬರೆದಿದ್ದಾರೆ.

ಈ ರಕ್ಷಣೆ ನೆರವಾದವನಿಗೆ. ಡಿಕ್ಕಿ ಹೊಡೆದವನಿಗೆ ಬೇರೆಯೇ ಕಲಮು ಇದೆ. ಅವನು ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು.

ಆ 2016ರಲ್ಲಿಯೇ ಫೆಬ್ರುವರಿ 16ರಂದು ಗುಬ್ಬಿಯ ಕಡೆಯಿಂದ ಬೆಂಗಳೂರಿಗೆ ಮೋಟಾರು ಸೈಕಲ್ಲಿನ ಮೇಲೆ ಹೊರಟ ಹರೀಶ್ ಎಂಬ ತರುಣ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕು ದೇಹವೇ ಎರಡು ತುಂಡಾದದ್ದು ಅನೇಕರಿಗೆ ನೆನಪಿರಬಹುದು. ಪ್ರಾಣ ಹೋಗುವ ಹೊತ್ತಿನಲ್ಲಿ ತನ್ನ ಅಂಗಾಂಗಗಳನ್ನು ದಾನ ಮಾಡಿರಿ ಎಂದು ಆತ ಕೇಳಿಕೊಂಡ. ಕಣ್ಣುಗಳನ್ನು ಪಡೆಯಲಾಯಿತು. ಮುಂದಿನ ತಿಂಗಳೇ ಕರ್ನಾಟಕ ಸರಕಾರ ಆತನ ಹೆಸರಿನಲ್ಲಿ ಸಾಂತ್ವನ ಯೋಜನೆ ತಂದು, ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ಏರ್ಪಾಡು ಮಾಡಿತು. 2025ರ ಮೇ ತಿಂಗಳಿನಿಂದ ಕೇಂದ್ರದ ಯೋಜನೆಯೊಂದು ಇಡೀ ದೇಶಕ್ಕೆ ಜಾರಿಯಾಗಿದೆ: ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ. ತೀವ್ರ ಗಾಯಗೊಂಡವನನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿ ಜೀವ ಉಳಿಸಿದವರಿಗೆ 2021ರಲ್ಲಿ 5,000 ರೂಪಾಯಿ ಇದ್ದ ಬಹುಮಾನವನ್ನು 2025ರಲ್ಲಿ 25,000ಕ್ಕೆ ಏರಿಸಿದ್ದಾರೆ. ಬಹುಮಾನಕ್ಕಾಗಿ ನಿಲ್ಲಿರಿ ಎಂದು ಇದನ್ನು ಬರೆಯಲಿಲ್ಲ. ನಿಂತರೆ ಸರಕಾರ ಬೆನ್ನು ಹತ್ತುವ ಕಾಲ ಹೋಯಿತು, ಬೆನ್ನು ತಟ್ಟುವ ಕಾಲ ಬಂದಿದೆ ಎಂದು ತಿಳಿಯಲಿ ಎಂದು ಬರೆದೆ.

ನಿಂತ ಮೇಲೆ ಏನು ಮಾಡಬೇಕು? ವೈದ್ಯರು ಹೇಳುವ ಮಾತು ಬಹಳ ಸರಳ. ಮೊದಲು ಹಿಂದಿನಿಂದ ಬರುವ ವಾಹನಗಳಿಗೆ ಕಾಣುವಂತೆ ಒಬ್ಬರನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಬಿದ್ದವನ ಜೊತೆಗೆ ಎತ್ತಲು ಹೋದವನೂ ಹೋಗುತ್ತಾನೆ. 108 ಅಥವಾ 112ಕ್ಕೆ ಫೋನು. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯನ್ನು ಮಡಿಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಬಿಟ್ಟು ಬಿಟ್ಟು ನೋಡಬಾರದು. ನಮ್ಮ ರೈತರ ಹೆಗಲ ಮೇಲೆ ಟವೆಲ್ಲು ಇದ್ದೇ ಇರುತ್ತದೆ. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು, ಕುತ್ತಿಗೆಗೆ ಪೆಟ್ಟಾಗಿದ್ದರೆ ಆ ಎಳೆತದಿಂದಲೇ ಕೈಕಾಲು ಸ್ವಾಧೀನ ತಪ್ಪಬಹುದು. ಬಾಯಿಗೆ ನೀರು ಹಾಕಬಾರದು. ಇದನ್ನು ಒಪ್ಪುವುದು ನಮ್ಮವರಿಗೆ ಬಹಳ ಕಷ್ಟ, ನೀರು ಕೊಡುವುದೇ ಮೊದಲ ಪುಣ್ಯವೆಂದು ಬೆಳೆದವರು ನಾವು. ಆದರೆ ಎಚ್ಚರ ತಪ್ಪಿದವನಿಗೆ ಆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಗಾಯಕ್ಕೆ ಅರಿಷಿಣ, ಕಾಫಿಪುಡಿ, ಕೆಲವರು ವಿಭೂತಿಯನ್ನೂ ಒತ್ತುತ್ತಾರೆ. ವಿಭೂತಿಯ ಸ್ಥಾನ ಹಣೆ. ಗಾಯಕ್ಕೆ ಬಟ್ಟೆ ಸಾಕು. ಎದ್ದು ಕೂತು ಮಾತಾಡುವವನನ್ನು ಗಾಡಿಯ ಮೇಲೆ ಕರೆದೊಯ್ಯಬಹುದು. ಬೆನ್ನು ಕುತ್ತಿಗೆಗೆ ಪೆಟ್ಟಾದವನನ್ನು ಇಬ್ಬರ ನಡುವೆ ಒತ್ತಿ ಕೂಡಿಸಿಕೊಂಡು ಹೋಗುವುದು ಸರ್ವಥಾ ಸಲ್ಲದು.

ನಾನು ಇಷ್ಟನ್ನು ಗೋಷ್ಠಿಯಲ್ಲಿ ಹೇಳಿ ಲೆಕ್ಕದ ಮಾತಿಗೆ ಬಂದೆ. ಅಡತಿ ಅಂಗಡಿಯವರಿಗೆ ಗೊತ್ತು, ಒಮ್ಮೊಮ್ಮೆ ಬ್ಯಾಂಕಿನಲ್ಲಿ ನಮ್ಮ ಖಾತೆಗೆ ಹಣ ಜಮಾ ಆಗಿರುತ್ತದೆ, ಯಾರು ಹಾಕಿದರೆಂಬುದು ತಿಳಿಯುವುದಿಲ್ಲ. ಅದನ್ನು ನಮ್ಮ ಲಾಭವೆಂದು ಬರೆದುಕೊಳ್ಳುವಂತಿಲ್ಲ. ಸಸ್ಪೆನ್ಸ್ ಖಾತೆಗೆ ಹಾಕಿ ಇಡುತ್ತೇವೆ. ವರ್ಷದ ಕೊನೆಗೆ ಆಡಿಟರು ಅದನ್ನೇ ಹಿಡಿದು ಕೇಳುತ್ತಾರೆ, ಇದು ಯಾರದು, ಯಾವಾಗ ತೀರಿಸುತ್ತೀರಿ ಎಂದು. ಆ ಇಬ್ಬರು ಹುಡುಗರು ನಮ್ಮ ತರುಣನಿಗೆ ಮಾಡಿದ್ದು ಇಂಥ ಜಮಾ. ಅವರು ಮತ್ತೆ ಸಿಗುವುದಿಲ್ಲವಾದ್ದರಿಂದ ಅವರ ಹೆಸರಿಗೆ ತೀರಿಸುವಂತಿಲ್ಲ. ದಾರಿಯಲ್ಲಿ ಮುಂದೆ ಸಿಗುವ ಯಾರಿಗೋ ತೀರಿಸಬೇಕು. ನಮ್ಮಲ್ಲಿ ಇಂಥ ಬಾಕಿ ಇಲ್ಲದವರು ಯಾರಿದ್ದಾರೆ? ಒಮ್ಮೆಯಾದರೂ "ಸ್ಟ್ಯಾಂಡ್" ಎಂಬ ಕೂಗು ಕೇಳಿಸಿಕೊಂಡಿದ್ದರೆ ಬಾಕಿ ಇದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಹಿರಿಯ ರೈತರೊಬ್ಬರು ಎದ್ದು ನಿಂತರು. ನಾನು ಪ್ರಶ್ನೆ ಇರಬೇಕೆಂದುಕೊಂಡೆ. ಅವರು ನನ್ನನ್ನು ನೋಡಲಿಲ್ಲ, ಪೂಜ್ಯರ ಕಡೆ ಕೈ ಮುಗಿದು, "ಯಪ್ಪಾ, ಆ ಕಲ್ಲು ಇಟ್ಟಾಂವ ನಾನs" ಎಂದರು. ಅಂದು ಮಧ್ಯಾಹ್ನ ಅವರ ಟ್ರ್ಯಾಲಿಯ ಆಕ್ಸಲ್ಲು ಮುರಿದಿತ್ತು. ಗಾಲಿಗೆ ತಡೆಯಾಗಿ ಎರಡು, ಹಿಂದೆ ಗುರುತಿಗೆ ನಾಲ್ಕು ಕಲ್ಲು ಇಟ್ಟರು. ಸಂಜೆ ರಿಪೇರಿಯಾಯಿತು, ಹೊತ್ತಾಗಿತ್ತು, ಹೊರಟುಬಂದರು. ಟ್ರ್ಯಾಲಿಯಲ್ಲಿದ್ದದ್ದು ನಮ್ಮ ಮಠದ ದಾಸೋಹಕ್ಕೆ ತಂದ ಜೋಳ.

ಸಭೆಯಲ್ಲಿ ಮಾತಿಲ್ಲ. ಬಿದ್ದ ತರುಣನ ತಂದೆಯೂ ಅಲ್ಲಿಯೇ ಕೂತಿದ್ದರು. ಪೂಜ್ಯರು ಬಹಳ ಹೊತ್ತು ಸುಮ್ಮನಿದ್ದು, "ಈಗ ಆ ಕಲ್ಲು ಎಲ್ಲಿ ಅದಾವ?" ಎಂದು ಕೇಳಿದರು.

"ಅಲ್ಲೇ ಬದಿಗೆ ಅದಾವ್ರೀ ಯಪ್ಪಾ."

"ಬದಿಗೆ ಅಂದ್ರ ಎಷ್ಟು ಬದಿಗೆ?"

ಆ ಮಾತಿಗೆ ಉತ್ತರ ಬರಲಿಲ್ಲ. ಪೂಜ್ಯರು ಗೋಷ್ಠಿಯನ್ನು ಅಲ್ಲಿಗೇ ನಿಲ್ಲಿಸಿದರು. ಹತ್ತು ಹನ್ನೆರಡು ಗಾಡಿಗಳು ಹೋಗಿ ಆರೂ ಕಲ್ಲುಗಳನ್ನು ತಂದವು. ಈಗ ದಾಸೋಹ ಮನೆಯ ಹೊರಗೆ ಪಾತ್ರೆ ತೊಳೆಯುವ ಕಟ್ಟೆಯಲ್ಲಿವೆ. ಆ ಹಿರಿಯರು ಮರುದಿನ ತರುಣನ ಮನೆಗೆ ಹೋಗಿ ಬಂದರಂತೆ. ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಆತ ಮಲಗಿರುವಷ್ಟು ದಿನ ಅವನ ಮನೆಯ ಹಾಲನ್ನು ಎರಡೂ ಹೊತ್ತು ಡೈರಿಗೆ ಮುಟ್ಟಿಸಿದ್ದು ಆ ಹಿರಿಯರ ಮಗನ ಗಾಡಿ ಎಂಬುದನ್ನು ಮಾತ್ರ ಬಲ್ಲೆ.

ಕಲ್ಲು ಬಿಟ್ಟುಹೋಗುವುದು ಒಬ್ಬರ ತಪ್ಪಲ್ಲ, ನಮ್ಮೆಲ್ಲರ ರೂಢಿ. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತದೆ. ಕಲ್ಲು ಕಂಡು ಕೈ ಬ್ರೇಕಿಗೆ ಹೋಗುವುದರೊಳಗೆ ಅಷ್ಟು ದಾರಿ ಮುಗಿದಿರುತ್ತದೆ. ಗುರುತು ಬೇಕಾದರೆ ಬೇವಿನದೋ ಜಾಲಿಯದೋ ತಪ್ಪಲಿರುವ ಟೊಂಗೆ ಇಡಿರಿ, ಅದು ದೂರದಿಂದ ಕಾಣುತ್ತದೆ, ಹಾಯ್ದರೂ ಕೊಲ್ಲುವುದಿಲ್ಲ. ಗಾಲಿಯ ತಡೆಗೆ ಕಟ್ಟಿಗೆಯ ತುಂಡು ಟ್ರ್ಯಾಲಿಯಲ್ಲಿಯೇ ಇರಲಿ. ರಾಶಿಯ ಕಾಲದಲ್ಲಿ ಡಾಂಬರು ರಸ್ತೆಯನ್ನೇ ಕಣ ಮಾಡಿಕೊಳ್ಳುವುದೂ ಇದೇ ಜಾತಿಯ ತಪ್ಪು. ಹುರುಳಿ, ಸೂರ್ಯಕಾಂತಿ ಹರಡಿದರೆ ಲಾರಿಗೆ ಏನೂ ಆಗುವುದಿಲ್ಲ, ಮೊಪೆಡ್ಡಿನವನು ಜಾರುತ್ತಾನೆ. ಸಾಲದ್ದಕ್ಕೆ ಕಾಳಿನ ಮೇಲೆ ಯಾರೂ ಬರದಿರಲೆಂದು ಸುತ್ತ ಕಲ್ಲು ಇಡುತ್ತೇವೆ. ಕಣಕ್ಕೆ ಪೂಜೆ ಮಾಡಿ ಕಾಲಿಡುತ್ತಿದ್ದ ಒಕ್ಕಲು ಮಕ್ಕಳು ನಾವು. ಇನ್ನು ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರ್ಯಾಲಿಗಳು ದೀಪವಿಲ್ಲದೆ ರಾತ್ರಿ ರಸ್ತೆಯ ಮೇಲೆ ನಿಲ್ಲುವುದನ್ನು ಸೊಲ್ಲಾಪುರ, ಸಾಂಗಲಿ, ಬೆಳಗಾವಿಯ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಈ ಕಾರಣಕ್ಕೆ ಹೊಳೆಯುವ ಪಟ್ಟಿಯ ಸುರುಳಿಗಳನ್ನು ಮಠದಲ್ಲಿ ತಂದಿಡಲಾಗಿದೆ. ಹಿಂದಕ್ಕೆ ಕೆಂಪು, ಪಕ್ಕಕ್ಕೆ ಹಳದಿ, ಮುಂದಕ್ಕೆ ಬಿಳಿ. ಕಾರ್ಖಾನೆ ಆರಂಭವಾಗುವುದಕ್ಕೆ ಮುಂಚೆ ಯಾವ ಊರಿನವರಾದರೂ, ನಮ್ಮ ಮಠದ ಭಕ್ತರಲ್ಲದವರೂ ಟ್ರ್ಯಾಲಿ ತಂದು ಹಚ್ಚಿಸಿಕೊಂಡು ಹೋಗಬಹುದು. ಸೋಮವಾರ ಬಿಟ್ಟು ಉಳಿದ ದಿನ ಸಾಯಂಕಾಲ ನಾಲ್ಕರಿಂದ ಹುಡುಗರು ಇರುತ್ತಾರೆ. ಹಣ ಕೊಡಲೇಬೇಕೆನ್ನುವವರು ದಾಸೋಹದ ಪೆಟ್ಟಿಗೆಗೆ ಹಾಕಬಹುದು, ಬೇಕೆಂದವರಿಗೆ ರಸೀತಿ ಸಿಗುತ್ತದೆ. ಟ್ರ್ಯಾಲಿಯ ಹಿಂದಿನ ಹಲಗೆಯನ್ನು ಮನೆಯಲ್ಲಿಯೇ ತೊಳೆದು ಒಣಗಿಸಿ ತರಬೇಕೆಂದು ವಿನಂತಿ. ಮಣ್ಣು ಇದ್ದರೆ ಪಟ್ಟಿ ಹಿಡಿಯುವುದಿಲ್ಲ.